ಕೊಲೊನೋಸ್ಕೋಪಿ 10 ವರ್ಷಕ್ಕೊಮ್ಮೆ ಸಾಕು, ಮಲ ಪರೀಕ್ಷೆ ಮಾತ್ರ ಪ್ರತಿ ವರ್ಷ ಏಕೆ?

ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆಗೆ ಮಾಡುವ ಈ ಎರಡು ಪರೀಕ್ಷೆಗಳು ಹುಡುಕುವುದೇ ಬೇರೆ ಬೇರೆ. ಕೊಲೊನೋಸ್ಕೋಪಿಯಲ್ಲಿ ವೈದ್ಯರು ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗೋಡೆಯನ್ನು ನೇರವಾಗಿ ನೋಡುತ್ತಾರೆ. ‘ಫಿಟ್’ ಎಂಬ ಮಲ ಪರೀಕ್ಷೆ ಹುಡುಕುವುದು ಕಣ್ಣಿಗೆ ಕಾಣದಷ್ಟು ರಕ್ತವನ್ನು.

ದೊಡ್ಡ ಕರುಳಿನ ಕ್ಯಾನ್ಸರ್ ಹೆಚ್ಚಾಗಿ ಪಾಲಿಪ್ ಎಂಬ ಪುಟ್ಟ ಗಂಟಿನಿಂದ ಶುರುವಾಗುತ್ತದೆ. ಎಲ್ಲ ಪಾಲಿಪ್‌ಗಳೂ ಕ್ಯಾನ್ಸರ್ ಆಗುವುದಿಲ್ಲ. ಆಗುವಂಥವಕ್ಕೂ ಸಾಮಾನ್ಯವಾಗಿ 10 ವರ್ಷದಷ್ಟು ಕಾಲ ಬೇಕು. ಹಾಗಾಗಿ ಕರುಳು ಪೂರ್ತಿ ಸ್ವಚ್ಛವಾಗಿ ಕಂಡರೆ ದೀರ್ಘ ಬಿಡುವು ಸಿಗುತ್ತದೆ. ಪಾಲಿಪ್ ಕಂಡರೆ ತೆಳುವಾದ ತಂತಿಯ ಕುಣಿಕೆಯನ್ನು ಅದರ ಬುಡಕ್ಕೆ ಬಿಗಿದು ಆಗಲೇ ಕತ್ತರಿಸಿ ತೆಗೆಯುತ್ತಾರೆ. ರೋಗವನ್ನು ಹುಟ್ಟುವ ಮೊದಲೇ ತಡೆಯುವ ಈ ಗುಣವೇ ನನಗೆ ಕೊಲೊನೋಸ್ಕೋಪಿಯ ದೊಡ್ಡ ಉಪಕಾರವಾಗಿ ಕಾಣುತ್ತದೆ.

ರಕ್ತದ ವಿಷಯ ಹಾಗಲ್ಲ. ಪಾಲಿಪ್ ಆಗಲಿ, ಗೆಡ್ಡೆಯಾಗಲಿ ಪ್ರತಿದಿನ ಒಸರುವುದಿಲ್ಲ. ಮಾದರಿ ಕೊಟ್ಟ ದಿನ ರಕ್ತ ಬಾರದಿದ್ದರೆ ಫಲಿತಾಂಶ ‘ನೆಗೆಟಿವ್’. ಪ್ರತಿ ವರ್ಷ ಮಾಡಿಸಿದರೆ ಒಮ್ಮೆ ತಪ್ಪಿದ್ದು ಇನ್ನೊಮ್ಮೆ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು. ‘ಪಾಸಿಟಿವ್’ ಬಂದರೆ ಕ್ಯಾನ್ಸರ್ ಎಂದೇ ಅರ್ಥವಲ್ಲ, ಮೂಲವ್ಯಾಧಿಯೂ ಇರಬಹುದು. ಆದರೆ ಮೂಲವ್ಯಾಧಿಯೇ ಎಂದು ಊಹಿಸಿ ಸುಮ್ಮನಾಗಬೇಡಿ, ಕೊಲೊನೋಸ್ಕೋಪಿ ಮಾಡಿಸಲೇಬೇಕು.

ಈ ಲೆಕ್ಕ ಲಕ್ಷಣಗಳಿಲ್ಲದ, ಸಾಮಾನ್ಯ ಅಪಾಯವಿರುವವರಿಗೆ ಮಾತ್ರ. ಹೆತ್ತವರಿಗೋ ಒಡಹುಟ್ಟಿದವರಿಗೋ ಈ ಕ್ಯಾನ್ಸರ್ ಬಂದಿದ್ದರೆ, ಹಿಂದೆ ಪಾಲಿಪ್ ಸಿಕ್ಕಿದ್ದರೆ ಅವಧಿ ಕಡಿಮೆಯಾಗುತ್ತದೆ. ಮಲದಲ್ಲಿ ರಕ್ತ, ಕಾರಣವಿಲ್ಲದ ರಕ್ತಹೀನತೆ ಅಥವಾ ತೂಕ ಇಳಿಕೆ ಕಂಡರೆ ಮುಂದಿನ ಸರದಿಗೆ ಕಾಯದೆ ವೈದ್ಯರನ್ನು ಕಾಣಿ.