ಲೂಪ್ ಓಡಿತು, ಚಿತ್ರಗಳೆಲ್ಲಿ?

ಪ್ರಶ್ನೆ: ಸರ್, ನಾನು ಬಾಗಲಕೋಟೆಯಲ್ಲಿ ತೋಟಗಾರಿಕೆ ಎಂಎಸ್ಸಿ ಓದುತ್ತಿದ್ದೇನೆ. ಜಿಲ್ಲೆಯ 9 ತಾಲ್ಲೂಕುಗಳಿಂದ ದಾಳಿಂಬೆ ಹಣ್ಣಿನ ತೂಕ ಬರೆದುಕೊಂಡು ಬಂದಿದ್ದೇನೆ. ತಾಲ್ಲೂಕಿಗೊಂದು ಹಿಸ್ಟೋಗ್ರಾಮ್ (ಎಷ್ಟು ತೂಕದ ಹಣ್ಣು ಎಷ್ಟಿವೆ ಎಂದು ತೋರಿಸುವ ಕಂಬಚಿತ್ರ) ಬೇಕು. ಆರ್ ಎಂಬ ಅಂಕಿಅಂಶ ತಂತ್ರಾಂಶದಲ್ಲಿ, ಚಿತ್ರ ಬಿಡಿಸುವ ಜಿಜಿಪ್ಲಾಟ್ ಬಳಸಿ ಒಂದೊಂದಾಗಿ ಮಾಡಿದರೆ ಚೆನ್ನಾಗಿ ಬರುತ್ತದೆ. ಅದನ್ನೇ ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಫಾರ್ ಲೂಪ್‌ಗೆ ಹಾಕಿದರೆ ಎರರ್ ಇಲ್ಲ, ಚಿತ್ರವೂ ಇಲ್ಲ. ಗೆಳತಿ ಪೈಥಾನ್‌ನಲ್ಲಿ ಮಾಡಿದಳು. ಅಲ್ಲಿ ಬಾದಾಮಿಯ ಚಿತ್ರದ ಮೇಲೆ ಬೀಳಗಿಯದೂ ಬಂದು ಕೂತಿದೆ. ಏನು ತಪ್ಪಾಗಿದೆ?

ಉತ್ತರ: ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ. ಬಿಟ್ಟುಹೋಗಿರುವುದು ಪ್ರಿಂಟ್ ಎಂಬ ಒಂದೇ ಪದ. ಕನ್ಸೋಲ್‌ನಲ್ಲಿ, ಅಂದರೆ ಆದೇಶ ಬರೆಯುವ ಕಿಟಕಿಯಲ್ಲಿ, ಪ್ಲಾಟಿನ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದರೆ ಆರ್ ತಾನೇ ಅದನ್ನು ಬಿಡಿಸಿ ತೋರಿಸುತ್ತದೆ. ಲೂಪ್ ಒಳಗೆ ತೋರಿಸುವುದಿಲ್ಲ. ಜಿಜಿಪ್ಲಾಟ್ ಕೊಡುವುದು ಚಿತ್ರವಲ್ಲ, ಚಿತ್ರ ಹೇಗಿರಬೇಕು ಎಂಬ ವಿವರ. ಪ್ರಿಂಟ್ ಮಾಡು ಅಂದಾಗಲೇ ಅದು ಚಿತ್ರವಾಗುವುದು. ಹಳೆಯ ಹಿಸ್ಟ್ ಫಂಕ್ಷನ್ ಕರೆದ ಕೂಡಲೇ ಬಿಡಿಸಿಬಿಡುತ್ತದೆ. ಅದರ ರೂಢಿ ಇದ್ದವರು ಇಲ್ಲಿ ಜಾಸ್ತಿ ಎಡವುತ್ತಾರೆ.

ಕಣದಲ್ಲಿ ಜೋಳ ತುಂಬುವುದನ್ನು ನೋಡಿದ್ದೀರಿ ಅಲ್ವಾ? ಚೀಲದ ಬಾಯಿ ಬಿಚ್ಚಬೇಕು, ಕಾಳು ತುಂಬಬೇಕು, ಬಾಯಿ ಹೊಲಿಯಬೇಕು. ಇಲ್ಲಿ ಚೀಲ ಅಂದರೆ ಚಿತ್ರ ಉಳಿಸುವ ಫೈಲ್. ಪಿಎನ್‌ಜಿ ಫಂಕ್ಷನ್ ಚೀಲ ಬಿಚ್ಚುತ್ತದೆ. ಪ್ರಿಂಟ್ ತುಂಬುತ್ತದೆ. ಡೆವ್ ಡಾಟ್ ಆಫ್ ಹೊಲಿಯುತ್ತದೆ. ಮೂರೂ ಇದೇ ಸರದಿಯಲ್ಲಿ, ಲೂಪ್ ಒಳಗೇ, ಪ್ರತಿ ತಾಲ್ಲೂಕಿಗೂ ಆಗಬೇಕು. ಹೊಲಿಯುವ ಸಾಲನ್ನು ಲೂಪ್ ಹೊರಗೆ ಇಟ್ಟರೆ ಕೊನೆಯ ಚೀಲವೊಂದೇ ಮುಚ್ಚುತ್ತದೆ, ಉಳಿದವು ಬಾಯಿ ತೆರೆದುಕೊಂಡೇ ಇರುತ್ತವೆ. ಆರ್ ಒಮ್ಮೆಗೆ 63 ಚೀಲ ಮಾತ್ರ ತೆರೆದಿಡಬಲ್ಲದು, ಆಮೇಲೆ ಎರರ್ ಕೊಟ್ಟು ನಿಲ್ಲುತ್ತದೆ. ಲೂಪ್ ನಡುವೆ ಮುರಿದು ಏನೇನು ತೆರೆದಿದೆಯೋ ಗೊತ್ತಾಗದಿದ್ದರೆ ಗ್ರಾಫಿಕ್ಸ್ ಡಾಟ್ ಆಫ್ ಓಡಿಸಿ. ಎಲ್ಲವೂ ಒಟ್ಟಿಗೆ ಮುಚ್ಚುತ್ತವೆ.

ಫೈಲ್ ಹೆಸರೂ ಪ್ರತಿ ಸುತ್ತಿನಲ್ಲಿ ಬದಲಾಗಬೇಕು. ಇಲ್ಲದಿದ್ದರೆ ಒಂದರ ಮೇಲೊಂದು ಬರೆದು ಕೊನೆಯದಷ್ಟೇ ಉಳಿಯುತ್ತದೆ. ಪದಗಳನ್ನು ಜೋಡಿಸುವ ಪೇಸ್ಟ್0 ಬಳಸಿ ತಾಲ್ಲೂಕಿನ ಹೆಸರಿಗೆ ‘.ಪಿಎನ್‌ಜಿ’ ಅಂಟಿಸಿ. ನಿಮ್ಮ ಹಾಳೆಯಲ್ಲಿ ‘ರಬಕವಿ/ಬನಹಟ್ಟಿ’ ಎಂದು ಓರೆಗೆರೆ ಹಾಕಿ ಬರೆದಿದ್ದೀರಾ, ಒಮ್ಮೆ ನೋಡಿ. ಬರೆದಿದ್ದರೆ ಕಂಪ್ಯೂಟರ್ ‘ರಬಕವಿ’ ಎಂಬ ಫೋಲ್ಡರ್ ಹುಡುಕುತ್ತದೆ. ಅದು ಸಿಗದೆ ಲೂಪ್ ಅಲ್ಲೇ ನಿಲ್ಲುತ್ತದೆ. ಓರೆಗೆರೆ ತೆಗೆದು ಹೈಫನ್ ಹಾಕಿ.

ಇಷ್ಟೆಲ್ಲ ಯಾಕೆ ಅನಿಸಿದರೆ ಜಿಜಿಸೇವ್ ಇದೆ. ಬಿಚ್ಚುವುದು, ತುಂಬುವುದು, ಹೊಲಿಯುವುದು ಒಂದೇ ಸಾಲಿನಲ್ಲಿ ಮುಗಿಯುತ್ತದೆ. ನಿಮಗೆ ನಾನು ಹೇಳುವುದೂ ಇದನ್ನೇ. ಯಾವ ಪ್ಲಾಟ್ ಎಂದು ಹೆಸರು ಹಿಡಿದು ಹೇಳಿ, ಅಗಲ ಎತ್ತರವನ್ನೂ ನೀವೇ ಕೊಡಿ. ಸುಮ್ನೆ ಬಿಟ್ಟರೂ ಅದು ಇಂಚಿಗೆ 300 ಚುಕ್ಕೆಯಂತೆ ಉಳಿಸುತ್ತದೆ. ಪಿಎನ್‌ಜಿ ಫಂಕ್ಷನ್ನನ್ನು ಹಾಗೇ ಬಿಟ್ಟರೆ ಸಿಗುವುದು 480 × 480 ಪಿಕ್ಸೆಲ್, ಥೀಸಿಸ್‌ನಲ್ಲಿ ಅಚ್ಚಾದಾಗ ಮಸುಕಾಗುತ್ತದೆ.

ನಿಮ್ಮ ಗೆಳತಿಗೆ: ಪೈಥಾನ್‌ನ ಸೇವ್‌ಫಿಗ್ ಚಿತ್ರವನ್ನು ಉಳಿಸುತ್ತದೆ, ಚಿತ್ರ ಬಿಡಿಸಿದ ಹಾಳೆಯನ್ನು ಅಳಿಸುವುದಿಲ್ಲ. ಪ್ರತಿ ಸುತ್ತಿಗೂ ಹೊಸ ಫಿಗರ್ (ಖಾಲಿ ಹಾಳೆ) ತೆರೆದು, ಉಳಿಸಿದ ಮೇಲೆ ಕ್ಲೋಸ್ ಮಾಡಲು ಹೇಳಿ. ಕ್ಲೋಸ್ ಮಾಡದೆ 20 ದಾಟಿದರೆ ಪೈಥಾನ್‌ನಲ್ಲಿ ಚಿತ್ರ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್ ತಾನೇ ಎಚ್ಚರಿಸುತ್ತದೆ.

ನೀವು ಕೇಳದ ಒಂದು ಮಾತೂ ಇದೆ. ಲೂಪ್‌ನಲ್ಲಿ ಪ್ರತಿ ಚಿತ್ರವೂ ತನ್ನದೇ ಅಳತೆ ಹಿಡಿಯುತ್ತದೆ. ಬಾದಾಮಿಯದು 200ರಿಂದ 350 ಗ್ರಾಂ, ಮುಧೋಳದ್ದು 150ರಿಂದ 500 ಗ್ರಾಂ ಎಂದು ಬಂದರೆ, ಪಕ್ಕಪಕ್ಕ ಇಟ್ಟಾಗ ಕಣ್ಣು ಮೋಸ ಹೋಗುತ್ತದೆ. ಎಲ್ಲ ತಾಲ್ಲೂಕುಗಳ ಕನಿಷ್ಠ, ಗರಿಷ್ಠ ತೂಕವನ್ನು ಲೂಪ್‌ಗೆ ಮೊದಲೇ ಲೆಕ್ಕ ಹಾಕಿ, ಒಂಬತ್ತು ಚಿತ್ರಗಳ ಅಡ್ಡ ಅಕ್ಷಕ್ಕೂ ಅದನ್ನೇ ಮಿತಿಯಾಗಿ ಕೊಡಿ. ಕಂಬಗಳ ಅಗಲವೂ ಎಲ್ಲದರಲ್ಲಿ ಒಂದೇ ಇರಲಿ. ಆರ್‌ನಲ್ಲಿ ಈ ಮಿತಿ ಹಾಕಲು ಎಕ್ಸ್‌ಲಿಮ್ ಬೇಡ, ಅದು ಮಿತಿಯ ಹೊರಗಿನ ಹಣ್ಣುಗಳನ್ನು ಲೆಕ್ಕದಿಂದಲೇ ತೆಗೆಯುತ್ತದೆ. ಕೋಆರ್ಡ್ ಕಾರ್ಟೀಷಿಯನ್ ಬಳಸಿ.