ಮೂಳೆ ಕೂಡಿದೆ ಅಂತಾರೆ, ಅಮ್ಮನ ಬೆನ್ನು ಮೊದಲಿನ ಹಾಗೆ ಆಗುತ್ತಾ?

ಅಮ್ಮನಿಗೆ 66 ವರ್ಷ, ಬೆನ್ನುಮೂಳೆ ಮುರಿದು ಎಂಟು ತಿಂಗಳು, ಡಾಕ್ಟರು ಕೂಡಿದೆ ಅಂದರೂ ನೋವು ಹೋಗಿಲ್ಲ, ಬೆನ್ನು ಬಾಗಿದೆ ಅಂತ ಬರೆದಿದ್ದೀರಿ. ನನಗೆ 68. ನನ್ನ ಬೆನ್ನು ಮುರಿದು ನಾಲ್ಕು ವರ್ಷವಾಯಿತು. ನಾನು ಡಾಕ್ಟರಲ್ಲ, ಅನುಭವಿಸಿದವಳು. ನೋವು ಬಹಳ ಮಟ್ಟಿಗೆ ಇಳಿಯಬಹುದು. ಬೆನ್ನಿನ ಆಕಾರ ಮಾತ್ರ ಹಿಂದಿನಂತೆ ಆಗುವುದಿಲ್ಲ.

ಕೈ ಮುರಿದರೆ ಎಳೆದು ಕೂರಿಸಿ ಪಟ್ಟಿ ಹಾಕುತ್ತಾರೆ. ಬೆನ್ನಿನದು ಹಾಗಲ್ಲ. ಮೇಲಿನ ಭಾರಕ್ಕೆ ಮೂಳೆಯ ಮುಂಭಾಗ ಕುಸಿಯುತ್ತದೆ, ಕುಸಿದ ಹಾಗೇ ಗಟ್ಟಿಯಾಗುತ್ತದೆ. ಎಕ್ಸ್‌ರೇಯಲ್ಲಿ ನನ್ನದು ಬಾಗಿಲಿಗೆ ಕೊಡುವ ಬೆಣೆಯಂತಿತ್ತು, ಹಿಂದೆ ದಪ್ಪ, ಮುಂದೆ ಚಪ್ಪಟೆ. ಡಾಕ್ಟರು ಹೇಳಿದ್ದು ಸುಳ್ಳಲ್ಲ. ಕೂಡಿದೆ, ಬಾಗಿಯೇ ಕೂಡಿದೆ.

ನಾನು ಬಿದ್ದವಳೂ ಅಲ್ಲ. ತಾರಸಿಯಲ್ಲಿ ಒದ್ದೆ ಬೆಡ್‌ಶೀಟಿನ ಬಕೆಟ್ ಎತ್ತಿದೆ, ಬೆನ್ನಲ್ಲಿ ಟಕ್ ಅಂತು. ಉಳುಕಿರಬೇಕು ಅಂತ ಎರಡು ವಾರ ಎಣ್ಣೆ ತಿಕ್ಕಿಸಿಕೊಂಡೆ. ಈಗ ನೆನೆಸಿಕೊಂಡರೆ ಮೈ ಜುಂ ಅನ್ನುತ್ತೆ. ಆಮೇಲೆ ಮೂಳೆ ಎಷ್ಟು ಗಟ್ಟಿಯಿದೆ ಅಂತ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಟಿ-ಸ್ಕೋರ್, ಅಂದರೆ ಆರೋಗ್ಯವಾಗಿರುವ ಹರೆಯದವರ ಮೂಳೆಗೆ ಹೋಲಿಸಿ ಕೊಡುವ ಅಂಕ, ಮೈನಸ್ 3.4 ಬಂತು. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್. (ಜನ ಇದನ್ನೂ ಮೂಳೆ ಸವೆತ ಅಂತಾರೆ, ಮಂಡಿ ನೋವಿಗೂ ಅದೇ ಹೆಸರು. ಮಂಡಿಯಲ್ಲಿ ಸವೆಯುವುದು ಕೀಲು. ಇಲ್ಲಿ ಮೂಳೆಯೇ ಒಳಗೊಳಗೆ ಟೊಳ್ಳಾಗುತ್ತದೆ.)

ನಾನು ಗಿಡ್ಡ ಆಗಿದ್ದೇನೆ ಅಂತ ಗೊತ್ತಾಗಿದ್ದು ಸೀರೆಯಿಂದ. ಅದೇ ಸೀರೆ, ಅದೇ ಲಂಗ, ನೆರಿಗೆ ಮಾತ್ರ ಕಾಲಿಗೆ ಸಿಕ್ಕಿಕೊಳ್ಳುತ್ತಿತ್ತು. ಅಳೆಸಿದರೆ ನಾಲ್ಕು ಸೆಂಟಿಮೀಟರ್ ಕಮ್ಮಿ. ಲಂಗಗಳನ್ನೆಲ್ಲ ಎರಡು ಬೆರಳು ಮಡಿಸಿ ಹೊಲಿಸಿದೆ. ರವಿಕೆ ಹಿಂದೆ ಎಳೆಯುತ್ತೆ, ಮುಂದೆ ಸುಕ್ಕು. ಊಟವೂ ಕಮ್ಮಿಯಾಯಿತು. ಬೆನ್ನು ಬಾಗಿದರೆ ಹೊಟ್ಟೆಗೆ ಜಾಗ ಕಮ್ಮಿ ಅಲ್ವಾ, ಅರ್ಧ ಮುದ್ದೆಗೇ ತುಂಬಿಬಿಡುತ್ತೆ. ಸ್ವಲ್ಪ ಸ್ವಲ್ಪ ನಾಲ್ಕು ಸಲ ತಿನ್ನುತ್ತೇನೆ. ಒಲೆ ಮುಂದೆ ಇಪ್ಪತ್ತು ನಿಮಿಷ ನಿಂತರೆ ಬೆನ್ನು ಉರಿಯುತ್ತದೆ. ಅದು ಮೂಳೆಯ ನೋವಲ್ಲ, ಬಾಗಿದ ಮೈಯನ್ನು ಹಿಡಿದು ನಿಲ್ಲಿಸುವ ಮಾಂಸಖಂಡದ ಸುಸ್ತು ಅಂತ ಫಿಸಿಯೋಥೆರಪಿಯವರು ಹೇಳಿದರು. ಅಡುಗೆಮನೆಗೆ ಎತ್ತರದ ಸ್ಟೂಲ್ ತಂದೆ. ಮಧ್ಯಾಹ್ನ ಹದಿನೈದು ನಿಮಿಷ ಅಂಗಾತ ಮಲಗುತ್ತೇನೆ. ಅಷ್ಟಕ್ಕೇ ಸಂಜೆ ಹಗುರ.

ನಿಮ್ಮ ಅಮ್ಮನ ನೋವು ಎಂಟು ತಿಂಗಳಾದರೂ ಚುಚ್ಚುತ್ತಿದ್ದರೆ, ಅಥವಾ ಮತ್ತೆ ಜಾಸ್ತಿಯಾಗಿದ್ದರೆ, ಇನ್ನೊಂದು ಎಕ್ಸ್‌ರೇ ತೆಗೆಸಿ. ಪಕ್ಕದ ಮೂಳೆ ಸದ್ದಿಲ್ಲದೆ ಕುಸಿದಿರಬಹುದು. ಕಾಲಿನ ಶಕ್ತಿ ಕುಂದಿದರೆ, ಮೂತ್ರ ಹಿಡಿತ ತಪ್ಪಿದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಇನ್ನೊಂದು ವಿಷಯ ಕೇಳಿ ತಿಳಿದುಕೊಳ್ಳಿ: ಅಮ್ಮನಿಗೆ ಕೊಡುತ್ತಿರುವುದು ಬರೀ ಕ್ಯಾಲ್ಸಿಯಂ ಮಾತ್ರೆಯಾ, ಮೂಳೆ ಉಳಿಸುವ ಔಷಧಿಯೂ ಇದೆಯಾ? ನನಗೆ ಮೊದಲ ಆಸ್ಪತ್ರೆಯಲ್ಲಿ ಬೆಲ್ಟು, ನೋವಿನ ಮಾತ್ರೆ, ಕ್ಯಾಲ್ಸಿಯಂ ಕೊಟ್ಟು ಕಳಿಸಿದರು. ಒಂದು ಮುರಿದವರಿಗೆ ಇನ್ನೊಂದು ಮುರಿಯುವ ಅಪಾಯ ಜಾಸ್ತಿ ಅಂತ ಯಾರೂ ಹೇಳಲಿಲ್ಲ. ಎರಡನೆಯ ಡಾಕ್ಟರು ಹಲ್ಲು ತೋರಿಸಿಕೊಂಡು ಬನ್ನಿ ಅಂದು, ಆಮೇಲೆ ಜೋಲೆಡ್ರೋನಿಕ್ ಆ್ಯಸಿಡ್ ಡ್ರಿಪ್ ಹಾಕಿದರು. ವರ್ಷಕ್ಕೊಂದು ಸಲ. ಮೊದಲನೆಯದಕ್ಕೆ ಎರಡು ದಿನ ಜ್ವರ, ಮೈಕೈ ನೋವು ಇತ್ತು. ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮ್ಯಾಬ್ ಇಂಜೆಕ್ಷನ್ನೂ ಇದೆ. ಅದನ್ನು ಶುರು ಮಾಡಿದರೆ ತಾರೀಖು ತಪ್ಪಿಸಬೇಡಿ. ಡಾಕ್ಟರನ್ನು ಕೇಳದೆ ನಿಲ್ಲಿಸಿದರೆ ಮೂಳೆ ಬೇಗ ಸೊರಗಿ ಒಟ್ಟಿಗೇ ಎರಡು ಮೂರು ಮುರಿಯಬಹುದು. ರಾಗಿ ಒಳ್ಳೆಯದೇ, 100 ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಅಂಬಲಿಯೊಂದನ್ನೇ ನಂಬಿ ಕೂರಬೇಡಿ.

ಯೋಗ ಮಾಡಿಸಿ ಅಂತ ನೆಂಟರೆಲ್ಲ ಹೇಳುತ್ತಾರೆ. ಮುಂದೆ ಬಾಗುವ ಆಸನ ಒಂದೂ ಬೇಡ. ನೆಲ ಒರೆಸುವುದು, ಬಗ್ಗಿ ಭಾರ ಎತ್ತುವುದೂ ಬೇಡ.

ನನಗೆ ಬಿಡಲು ಕಷ್ಟವಾಗಿದ್ದು ರಂಗೋಲಿ. ಈಗ ಪಕ್ಕದ ಮನೆ ಹುಡುಗಿ ಹಾಕುತ್ತಾಳೆ, ನಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಚುಕ್ಕಿ ಸಾಲು ಪ್ರತಿದಿನ ಎಡಕ್ಕೇ ವಾಲುತ್ತೆ. ಹೇಳಿದರೆ, "ನಿಮ್ಮ ಬೆನ್ನಿಗಿಂತ ನೆಟ್ಟಗಿದೆ ಬಿಡಿ ಅಜ್ಜಿ" ಅಂತಾಳೆ.