ಮಾರೋ ಮುಂಚೆ ಸ್ವಲ್ಪ ತಡೀರಿ: ನಿಮ್ಮ ನಂಬರ್ 4 ರೈಫಲ್, ಮತ್ತೆ ನನಗೆ ತಡವಾಗಿ ಹಿಡಿಸಿದ ಕೋವಿಗಳು

ನೀವು ಬರೆದಿದ್ದು ಓದಿದೆ. ಎಂಟು ತಿಂಗಳ ಹಿಂದೆ ಆಸೆಪಟ್ಟು ಬ್ರಿಟಿಷ್ ಸೈನ್ಯದ ಹಳೇ ರೈಫಲ್ ಲೀ-ಎನ್‌ಫೀಲ್ಡ್ ನಂಬರ್ 4 ತಗೊಂಡ್ರಿ, ಈಗ ಅದು ಮೂಲೆ ಸೇರಿದೆ. ಬೋಲ್ಟ್ (ತೋಟಾ ಒಳಗೆ ತಳ್ಳಿ ಮುಚ್ಚುವ ಲೋಹದ ಸರಳು) ಮುಂದೆ ತಳ್ಳುವಾಗ ಕೊನೆಯಲ್ಲಿ ಗಟ್ಟಿಯಾಗುತ್ತೆ, ತೋಟಾ ಸಿಕ್ಕಿಹಾಕಿಕೊಳ್ಳುತ್ತೆ, 100 ಗಜಕ್ಕೆ ಗುಂಡು ಗುರಿಗಿಂತ ಗೇಣುದ್ದ ಮೇಲೆ ಬೀಳುತ್ತೆ, ಟ್ರಿಗರ್ ಎರಡು ಸಲ ಎಳೆದ ಹಾಗಿದೆ. ಮಾರಿಬಿಡ್ಲಾ, ಇಲ್ಲಾ ಮೊದಲು ಬೇಜಾರು ತಂದು ಆಮೇಲೆ ಹಿಡಿಸಿದ ಕೋವಿ ಇಲ್ಲಿ ಯಾರಿಗಾದ್ರೂ ಇದೆಯಾ ಅಂತ ಕೇಳಿದ್ದೀರಿ.

ಇದೆ. ಒಂದಲ್ಲ, ನಾಲ್ಕೈದು. ಆದರೆ ಮೊದಲು ನಿಮ್ಮದರ ಮಾತು, ಯಾಕಂದ್ರೆ ನೀವು ಹೇಳಿದ ನಾಲ್ಕು ದೂರಿನಲ್ಲಿ ಮೂರು ದೋಷವೇ ಅಲ್ಲ.

ಬೋಲ್ಟ್‌ನಿಂದ ಶುರು ಮಾಡೋಣ. ಜರ್ಮನಿಯ ಮೌಸರ್ 98ರ ಜಾತಿಯ ರೈಫಲ್‌ಗಳಲ್ಲಿ ಬೋಲ್ಟ್ ಹಿಡಿಯನ್ನು ಮೇಲೆತ್ತುವಾಗಲೇ ಒಳಗಿನ ಸ್ಪ್ರಿಂಗ್ ಬಿಗಿಯುತ್ತೆ. ನಿಮ್ಮದರಲ್ಲಿ ಮುಂದಕ್ಕೆ ತಳ್ಳುವಾಗ ಕೊನೆಯ ಒಂದಿಂಚಿನಲ್ಲಿ ಬಿಗಿಯುತ್ತೆ. ಮೌಸರ್ ಅಭ್ಯಾಸದ ಕೈಗೆ ಇದು ಅಡ್ಡ ಬಂದ ಹಾಗೆ ಅನಿಸುತ್ತೆ. ಆದರೆ ಅದಕ್ಕೆ ಪ್ರತಿಯಾಗಿ ಸಿಗೋದೇನು ನೋಡಿ: ಎತ್ತುವಾಗ ಹಗುರ, ತಿರುಗಿಸಬೇಕಾದ ಕೋನ 60 ಡಿಗ್ರಿ ಮಾತ್ರ, ಬೋಲ್ಟ್ ಓಡುವ ದೂರ ಕಮ್ಮಿ. ಕೆನ್ನೆಯನ್ನು ಕೋವಿಯ ಮರದ ಹಿಡಿಯಿಂದ ಏಳಿಸದೆ ಮುಂದಿನ ಈಡಿಗೆ ಸಿದ್ಧ. ಮೊದಲ ಮಹಾಯುದ್ಧದ ಮುಂಚೆ ಬ್ರಿಟಿಷ್ ಸೈನಿಕನಿಗೆ ಇದರ ಅಣ್ಣನಾದ ಎಸ್‌ಎಂಎಲ್‌ಇ ರೈಫಲ್‌ನಲ್ಲಿ ಒಂದು ನಿಮಿಷಕ್ಕೆ 15 ಈಡು, 300 ಗಜದ ಗುರಿಗೆ, ಅಂತ ಅಭ್ಯಾಸ ಇತ್ತು. ನೀವು ಬಹುಶಃ ಹೆದರಿ ಹೆದರಿ, ಎರಡು ಬೆರಳಲ್ಲಿ ಮೆಲ್ಲಗೆ ತಳ್ತಿದ್ದೀರಿ. ಮೆಲ್ಲಗೆ ತಳ್ಳಿದಷ್ಟೂ ಆ ಸ್ಪ್ರಿಂಗ್ ಗೊತ್ತಾಗುತ್ತೆ. ಅಂಗೈಯಿಂದ ಒಂದೇ ಏಟಿಗೆ ತಳ್ಳಿ ಕೆಳಗೆ ಒತ್ತಿ, ಅದು ಎಲ್ಲಿ ಬಿಗಿಯಿತು ಅಂತಲೇ ತಿಳಿಯೋದಿಲ್ಲ. ಖಾಲಿ ರೈಫಲ್‌ನಲ್ಲಿ ದಿನಕ್ಕೆ ಇಪ್ಪತ್ತು ಸಲ, ಒಂದು ವಾರ ಮಾಡಿ. ತೋಟಾ ಬೇರೆ ಕೋಣೆಯಲ್ಲಿರಲಿ, ಪ್ರತಿ ಸಲ ತೋಟಾ ಕೂರುವ ಛೇಂಬರಿಗೆ ಬೆರಳಿಟ್ಟು ನೋಡಿ.

ತೋಟಾ ಸಿಕ್ಕಿಕೊಳ್ಳೋದು ಶೇಕಡಾ ತೊಂಬತ್ತು ತುಂಬುವವರ ತಪ್ಪು, ಬೇಜಾರಾಗಬೇಡಿ, ನಾನೂ ಮಾಡಿದ್ದೇ. ನಿಮ್ಮ ರೈಫಲ್‌ನ .303 ತೋಟಾಕ್ಕೆ ತಳದಲ್ಲಿ ಹೊರಚಾಚಿದ ಅಂಚು ಇದೆ. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಮುಂದೆ ಕೂರಬೇಕು. ಹಿಂದೆ ಕೂತರೆ ಮೇಲಿನದು ಹೊರಡುವಾಗ ಕೆಳಗಿನದನ್ನೂ ಎಳೆದುಕೊಂಡು ಹೋಗಿ ಸಿಕ್ಕಿಹಾಕಿಸುತ್ತೆ. ಒಂದೊಂದಾಗಿ ತುಂಬುವಾಗ ಪ್ರತಿಯೊಂದನ್ನೂ ಮುಂದಕ್ಕೆ ಇಟ್ಟು ಒತ್ತಿ, ಆಮೇಲೆ ಹಿಂದಕ್ಕೆ ಸರಿಸಬೇಡಿ. ಇಷ್ಟು ಮಾಡಿಯೂ ಸಿಕ್ಕಿಕೊಂಡರೆ ಆಗ ತೋಟಾ ತುಂಬುವ ಪೆಟ್ಟಿಗೆಯಾದ ಮ್ಯಾಗಜಿನ್ನಿನ ಬಾಯಂಚು ಬಗ್ಗಿದೆಯಾ ನೋಡೋದು. ಈ ಮ್ಯಾಗಜಿನ್‌ಗಳು ಎಷ್ಟೋ ಕೈ ದಾಟಿ ಬಂದಿರುತ್ತವೆ, ಬೇರೆ ರೈಫಲ್‌ದು ನಿಮ್ಮದಕ್ಕೆ ಸೇರಿರಲೂಬಹುದು.

ಮೇಲೆ ಹೊಡೆಯೋದು ಇನ್ನೂ ಸುಲಭ. ನಿಮ್ಮ ಫೋಟೋದಲ್ಲಿ ಹಿಂದಿನ ಸೈಟ್ ಮಡಚುವ ಎರಡು ತೂತಿನದು. ಒಂದು ತೂತು 300 ಗಜಕ್ಕೆ, ಇನ್ನೊಂದು 600ಕ್ಕೆ. 100 ಗಜದಲ್ಲಿ ನಿಂತು 300ರ ತೂತಿನಲ್ಲಿ ನೋಡಿ ಹೊಡೆದರೆ ಗುಂಡು ಮೇಲೆ ಬೀಳಲೇಬೇಕು, ಬೀಳದಿದ್ದರೆ ಆಶ್ಚರ್ಯಪಡಬೇಕು. ಏಣಿಯ ಹಾಗೆ ಏರಿಳಿಸುವ ಮೈಕ್ರೋಮೀಟರ್ ಸೈಟ್ ಸಿಕ್ಕರೆ ಹಾಕಿಸಿ, ಆದರೆ ಅದೂ 200ರಿಂದ ಶುರು. ಕಾಗದದ ಗುರಿಗೆ ಮಾತ್ರ ಹೊಡೆಯೋರಾದರೆ ಮುಂದಿನ ಸೈಟಿನ ಅಲಗನ್ನು ಇನ್ನೂ ಎತ್ತರದ್ದಕ್ಕೆ ಬದಲಾಯಿಸೋದೇ ಅಗ್ಗದ ದಾರಿ. ಮುಂದಿನದು ಎತ್ತರವಾದಷ್ಟೂ ಗುಂಡು ಕೆಳಗೆ. ಈ ಅಲಗುಗಳು ಬೇರೆ ಬೇರೆ ಎತ್ತರದಲ್ಲಿ ತಯಾರಾಗಿದ್ದವು. ಅರ ಹಿಡಿದು ಸೈಟ್ ತಿಕ್ಕೋಕೆ ಮಾತ್ರ ಹೋಗಬೇಡಿ. ಅದು ಗುಂಡನ್ನು ಇನ್ನೂ ಮೇಲಕ್ಕೇ ಕಳಿಸುತ್ತೆ, ಅದನ್ನು ಮಾಡಿ ಆಮೇಲೆ ತಲೆ ಕೆರ್ಕೊಂಡವರನ್ನು ನಾನು ಕಂಡಿದ್ದೇನೆ.

ಇನ್ನು ಟ್ರಿಗರ್. ಎರಡು ಹಂತ ಇರೋದು ಉದ್ದೇಶಪಟ್ಟೇ. ಮೊದಲ ಹಂತ ಸಡಿಲ, ಬೆರಳಿಗೆ ಒಂದು ಗೋಡೆ ಸಿಗೋವರೆಗೆ ಎಳೀರಿ, ಅಲ್ಲಿ ನಿಲ್ಲಿ, ಉಸಿರು ಹಿಡೀರಿ, ಆಮೇಲೆ ಒತ್ತಿ. ಆದರೆ ನಿಮ್ಮದು ಮಾರ್ಕ್ 1 ಅಂತ ಬರೆದಿದ್ದೀರಿ, ಅದರಲ್ಲೊಂದು ಗುಟ್ಟಿದೆ. ಮಾರ್ಕ್ 1ರಲ್ಲಿ ಟ್ರಿಗರ್ ನೇತಾಡೋದು ಕೆಳಗಿನ ಟ್ರಿಗರ್ ಗಾರ್ಡಿನ ಮೇಲೆ, ರೈಫಲ್‌ನ ಲೋಹದ ದೇಹದ ಮೇಲಲ್ಲ. ಎರಡರ ಮಧ್ಯೆ ಮರ ಇದೆ. ಮಳೆಗಾಲದಲ್ಲಿ ಮರ ಉಬ್ಬಿದರೆ, ಬೇಸಿಗೆಯಲ್ಲಿ ಸೊರಗಿದರೆ, ಟ್ರಿಗರ್ ಎಳೆತವೇ ಬದಲಾಗುತ್ತೆ. ಯುದ್ಧ ಮುಗಿದ ಮೇಲೆ ಬಂದ ಮಾರ್ಕ್ 2ರಲ್ಲಿ ಟ್ರಿಗರ್ ನೇರವಾಗಿ ಲೋಹಕ್ಕೆ ತೂಗುಹಾಕಿದ್ದು ಇದೇ ಕಾರಣಕ್ಕೆ. ಹಾಗಾಗಿ ನಿಮ್ಮ ನಾಲ್ಕನೇ ದೂರು ಅರ್ಧ ನಿಜ ಇರಬಹುದು. ಗಾರ್ಡಿನ ಮುಂದಿನ ಸ್ಕ್ರೂ ಬಿಗಿಯಾಗಿದೆಯಾ ಮೊದಲು ನೋಡಿ. ಅದು ಸಡಿಲ ಇದ್ದರೆ ಟ್ರಿಗರ್ರೂ ಕೆಡುತ್ತೆ, ಗುಂಡುಗಳೂ ಚೆದುರುತ್ತವೆ.

ಇನ್ನೆರಡು ಮಾತು ಹೇಳದೆ ಮುಂದೆ ಹೋಗೋಕಾಗಲ್ಲ. ಬೋಲ್ಟ್ ಹಿಡಿಯ ಹಿಂಬದಿಯ ಸಂಖ್ಯೆ ರೈಫಲ್ ಸಂಖ್ಯೆಗೆ ಹೊಂದುತ್ತಾ ನೋಡಿ. ಹೊಂದದಿದ್ದರೆ ತಿಳಿದ ಕೋವಿ ರಿಪೇರಿಯವರ ಹತ್ತಿರ ಹೆಡ್‌ಸ್ಪೇಸ್ (ಬೋಲ್ಟ್ ತಲೆಗೂ ತೋಟಾ ಕೂರುವ ಅಂಚಿಗೂ ನಡುವಿನ ಅಂತರ) ಅಳತೆ ಮಾಡಿಸದೆ ಒಂದೇ ಒಂದು ಈಡೂ ಬೇಡ. ಇದರ ಬೋಲ್ಟ್ ತಲೆ 0, 1, 2, 3 ಅಂತ ಬೇರೆ ಬೇರೆ ಅಳತೆಯಲ್ಲಿ ಬರೋದೇ ಆ ಅಂತರ ಸರಿಮಾಡೋಕೆ. ಮತ್ತೆ ನಮ್ಮ ಇಶಾಪುರ ಕಾರ್ಖಾನೆಯ 2ಎ, 2ಎ1 ರೈಫಲ್‌ಗಳು ನೋಡೋಕೆ ಇದೇ ವಂಶದವು, ಆದರೆ 7.62 ನ್ಯಾಟೋ ತೋಟಾದವು. ಮ್ಯಾಗಜಿನ್, ಬೋಲ್ಟ್ ತಲೆ ಒಂದಕ್ಕೊಂದು ಅದಲುಬದಲು ಮಾಡಬೇಡಿ.

ಸರಿ, ಈಗ ನನ್ನ ಕಥೆ.

ನಾನು ತಗೊಂಡ ಮೊದಲ .22 ಬೋಲ್ಟ್ ರೈಫಲ್ ಬಗ್ಗೆ ಎರಡು ವರ್ಷ ಬೈಕೊಂಡೇ ಇದ್ದೆ. 50 ಮೀಟರಿಗೆ ಐದು ಈಡು ಹೊಡೆದರೆ ಚಹಾ ಲೋಟದ ಬಾಯಿ ಅಗಲಕ್ಕೆ ಹರಡೋದು. ಅತಿ ವೇಗದ ತೋಟಾ ಅಂತ ಪೆಟ್ಟಿಗೆ ಮೇಲೆ ಬರೆದಿದ್ದನ್ನೇ ಹುಡುಕಿ ತರ್ತಿದ್ದೆ, ವೇಗ ಜಾಸ್ತಿ ಇದ್ದರೆ ಒಳ್ಳೇದಲ್ವಾ ಅಂತ. ಒಂದಿನ ತೋಟಾ ಮುಗಿದಾಗ ಪಕ್ಕದಲ್ಲಿ ಹೊಡೀತಿದ್ದ ಹಿರಿಯರು ತಮ್ಮ ನಿಧಾನದ ತೋಟಾ ಹತ್ತು ಕೊಟ್ಟರು. ಮೊದಲ ಐದು ಅಡ್ಡಾದಿಡ್ಡಿ, ಆಮೇಲಿನ ಐದು ಒಂದು ಬೆರಳಿನ ಅಗಲ. ಕೋವಿ ಅದೇ, ಕೈ ಅದೇ.

ಕಾರಣ ಸರಳ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅತಿ ವೇಗದ .22 ಗುಂಡು ಅದಕ್ಕಿಂತ ಜೋರಾಗಿ ಹೊರಟು, ದಾರಿಯಲ್ಲಿ ವೇಗ ಕಳಕೊಂಡು ಆ ಗೆರೆಯನ್ನು ದಾಟಿ ಕೆಳಗಿಳಿಯುತ್ತೆ. ಆ ದಾಟುವ ಜಾಗದಲ್ಲಿ ಅದು ಅಲುಗಾಡುತ್ತೆ, ಅಡ್ಡಗಾಳಿಗೂ ಹೆಚ್ಚು ಸಿಗುತ್ತೆ. ಪಂದ್ಯದ ತೋಟಾಗಳು ಮೊದಲಿನಿಂದಲೇ ಆ ಗೆರೆಯ ಕೆಳಗೆ ಹೊರಡೋದು ಇದಕ್ಕೇ. ಮೊದಲ ಐದು ಚೆದುರಿದ್ದಕ್ಕೂ ಕಾರಣ ಇದೆ: .22 ಸೀಸದ ಮೇಲೆ ಮೇಣ ಅಥವಾ ಜಿಡ್ಡು ಸವರಿರುತ್ತೆ, ತೋಟಾ ಬದಲಾಯಿಸಿದಾಗ ನಳಿಗೆಯೊಳಗೆ ಹೊಸ ಜಿಡ್ಡು ಕೂರೋಕೆ ಹತ್ತಿಪ್ಪತ್ತು ಈಡು ಬೇಕಾಗುತ್ತೆ. ಹಾಗಾಗಿ ಹೊಸ ತೋಟಾವನ್ನು ಐದೇ ಈಡಿನಲ್ಲಿ ತಿರಸ್ಕರಿಸಬೇಡಿ. ಮತ್ತೆ ಪ್ರತಿ ಸಲ ಹೊಡೆದ ಮೇಲೆ ನಳಿಗೆಯನ್ನು ಹಿತ್ತಾಳೆ ಬ್ರಷ್ ಹಾಕಿ ತಿಕ್ಕಿ ತಿಕ್ಕಿ ಹೊಳಪು ಮಾಡೋ ಚಾಳಿ ನನಗಿತ್ತು. ಅದನ್ನೂ ಬಿಟ್ಟೆ. ಆ ರೈಫಲ್ ಈಗ ನಾನು ಕೊನೆಗೆ ಮಾರುವ ಕೋವಿ.

ರೂಗರ್ 10/22 ಇಟ್ಟವರೂ ಇದೇ ತರ ಹೇಳ್ತಾರೆ. 1964ರಿಂದ ಬರ್ತಿರೋ ರೈಫಲ್, ಮೊದಲಿಗೆ ಆಟದ ಸಾಮಾನು ಅನಿಸುತ್ತೆ. ನಳಿಗೆಯನ್ನು ಎರಡು ಸ್ಕ್ರೂ ಹಾಕಿದ ಒಂದು ತುಂಡು ಹಿಡಿದಿಟ್ಟುಕೊಂಡಿದೆ, ಹತ್ತು ತೋಟಾದ ತಿರುಗುವ ಮ್ಯಾಗಜಿನ್ ಸ್ಟಾಕಿನ (ಕೋವಿಯ ಹಿಡಿ ಭಾಗದ) ಒಳಗೇ ಅಡಗುತ್ತೆ. ವರ್ಷಗಟ್ಟಲೆ ಹೊಡೆದ ಮೇಲೆ ಆ ಮ್ಯಾಗಜಿನ್ ಎಷ್ಟು ಚೆನ್ನಾಗಿ ಯೋಚನೆ ಮಾಡಿದ್ದು ಅಂತ ಗೊತ್ತಾಗುತ್ತೆ.

ಜೋಡುನಳಿಗೆ ಕೋವಿ ನನಗೆ ಹಿರಿಯರಿಂದ ಬಂದದ್ದು. ಅಕ್ಕಪಕ್ಕ ನಳಿಗೆ, ಎರಡು ಟ್ರಿಗರ್. ಒಂದೇ ಟ್ರಿಗರಿನ ಮೇಲೆ-ಕೆಳಗೆ ನಳಿಗೆಯ ಕೋವಿಯೇ ಆಧುನಿಕ, ಇದು ಹಳೇ ಕಾಲದ್ದು ಅಂತ ಗೋಡೆಗೆ ನೇತುಹಾಕಿದ್ದೆ. ಆಮೇಲೆ ಗಾಳಿಗೆ ಹಾರಿಸುವ ಮಣ್ಣಿನ ತಟ್ಟೆ ಹೊಡೆಯೋಕೆ ಹೋದಾಗ ಅರ್ಥ ಆಯ್ತು. ಹತ್ತಿರದ ತಟ್ಟೆಗೆ ಮುಂದಿನ ಟ್ರಿಗರ್, ಸಡಿಲ ಚೋಕಿನ (ಚೋಕ್ ಅಂದ್ರೆ ನಳಿಗೆಯ ಬಾಯಿಯ ಬಿಗಿತ) ಬಲನಳಿಗೆ. ದೂರಕ್ಕೆ ಹಿಂದಿನ ಟ್ರಿಗರ್, ಬಿಗಿ ಚೋಕಿನ ಎಡನಳಿಗೆ. ಆಯ್ಕೆ ಬೆರಳಲ್ಲೇ ಇದೆ, ಗುಂಡಿ ಸರಿಸೋ ಕೆಲಸ ಇಲ್ಲ.

ಆದರೂ ನಾನು ತಪ್ಪುತ್ತಲೇ ಇದ್ದೆ. ದೊಡ್ಡ ಕಾಗದ ಕಟ್ಟಿ 40 ಗಜದಿಂದ ಹೊಡೆದು ನೋಡಿದೆ. ಲೆಕ್ಕ ಹೀಗೆ: 30 ಇಂಚಿನ ವೃತ್ತದೊಳಗೆ ಫುಲ್ ಚೋಕ್ ಸುಮಾರು ಶೇಕಡಾ 70 ಚರೆ ಹಾಕಬೇಕು, ಮಾಡಿಫೈಡ್ 60, ಇಂಪ್ರೂವ್ಡ್ ಸಿಲಿಂಡರ್ 50, ಚೋಕ್ ಇಲ್ಲದ್ದು 40. ಚರೆಯ ಹರಡುವಿಕೆ ಸರಿಯೇ ಇತ್ತು, ಆದರೆ ಎಲ್ಲಾ ಎಡಕ್ಕೆ, ಮೇಲಕ್ಕೆ. ಸ್ಟಾಕ್ ನನ್ನ ತೋಳಿಗೆ ಗಿಡ್ಡ. ಹಿಂದಕ್ಕೆ ತೊಡಿಸುವ ರಬ್ಬರ್ ಟೋಪಿ ಹಾಕಿದೆ, ಅಷ್ಟೇ. ಚರೆಕೋವಿಯಲ್ಲಿ ಹಿಂದಿನ ಸೈಟ್ ಅಂದ್ರೆ ನಿಮ್ಮ ಕಣ್ಣೇ. ಕೆನ್ನೆ ಎಲ್ಲಿ ಕೂರುತ್ತೋ ಗುರಿ ಅಲ್ಲಿಗೆ. ಹಳೇ ಜೋಡುನಳಿಗೆ ಇಟ್ಟವರಿಗೆ ಒಂದು ಎಚ್ಚರಿಕೆ: ಛೇಂಬರ್ 65 ಮಿಲಿಮೀಟರೋ 70ಓ ಅಂತ ನಳಿಗೆ ಮೇಲಿನ ಗುರುತು ನೋಡಿ. 70ರ ತೋಟಾ 65ರ ಛೇಂಬರಿನಲ್ಲಿ ಸಲೀಸಾಗಿ ಕೂರುತ್ತೆ, ಅದೇ ಮೋಸ. ಆ 70 ಅನ್ನೋದು ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡ ಉದ್ದ. ಬಿಚ್ಚೋಕೆ ಜಾಗ ಇಲ್ಲದಿದ್ದರೆ ಒತ್ತಡ ಏರುತ್ತೆ. ಕಬ್ಬಿಣ-ಉಕ್ಕಿನ ಪಟ್ಟಿ ಸುತ್ತಿ ಬೆಸೆದ ಹಳೇ ಡಮಾಸ್ಕಸ್ ನಳಿಗೆಯಾದರೆ ಇವತ್ತಿನ ತೋಟಾ ಹಾಕುವ ಮಾತೇ ಬೇಡ, ಗೋಡೆಯ ಮೇಲೆ ಅದು ಚೆಂದ.

ರಿವಾಲ್ವರ್ ವಿಷಯದಲ್ಲಿ ನಾನು ಇನ್ನೂ ದಡ್ಡ. ಸ್ಮಿತ್ ಆಂಡ್ ವೆಸನ್ ಮಾಡೆಲ್ 10, ಅದರ ವಂಶ 1899ರಿಂದ ನಡೆದು ಬಂದಿದೆ. ಸೈಟ್ ಹೊಂದಿಸೋಕಾಗಲ್ಲ, ಡಬಲ್ ಆಕ್ಷನ್ ಎಳೆತ (ಟ್ರಿಗರ್ ಎಳೆತವೇ ಹ್ಯಾಮರ್ ಎತ್ತಿ ಬಿಡೋದು) ಉದ್ದ ಮತ್ತು ಭಾರ. ಪ್ರತಿ ಈಡಿಗೂ ಹೆಬ್ಬೆರಳಲ್ಲಿ ಹ್ಯಾಮರ್ ಎಳೆದು ಹೊಡೀತಿದ್ದೆ, ಗುಂಡು ಕೆಳಗೆ ಬೀಳ್ತಿತ್ತು. ಕೆಳಗೆ ಬೀಳೋದು ಹಗುರ ಗುಂಡಿನಿಂದ ಅಂತ ಆಮೇಲೆ ತಿಳೀತು: ಈ ಸ್ಥಿರ ಸೈಟ್‌ಗಳು .38 ಸ್ಪೆಷಲ್‌ನ 158 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡಿಗೆ ಹೊಂದಿಸಿದವು. ಹಗುರ ಗುಂಡು ನಳಿಗೆಯಿಂದ ಬೇಗ ಹೊರಬೀಳುತ್ತೆ, ಒದೆತಕ್ಕೆ ಮೂತಿ ಏಳೋ ಮುಂಚೆ. ಟ್ರಿಗರಿಗೆ ಮದ್ದು ಅಭ್ಯಾಸವೊಂದೇ. ಖಾಲಿ ರಿವಾಲ್ವರ್, ಸ್ನ್ಯಾಪ್ ಕ್ಯಾಪ್ ಅನ್ನೋ ಡಮ್ಮಿ ತೋಟಾ ಹಾಕಿ, ಮೂತಿಯ ಮೇಲೆ ನಾಣ್ಯ ಇಟ್ಟು, ಅದು ಬೀಳದ ಹಾಗೆ ಪೂರ್ತಿ ಎಳೆತ. ಮೂರು ತಿಂಗಳಾದ ಮೇಲೆ ಬೇರೆ ಪಿಸ್ತೂಲುಗಳಲ್ಲೂ ನನ್ನ ಕೈ ನೆಟ್ಟಗಾಯ್ತು. ಹಳೇ .22ಗಳಲ್ಲಿ ಮಾತ್ರ ಈ ಖಾಲಿ ಹೊಡೆತ ಬೇಡ, ಪಿನ್ ನೇರವಾಗಿ ಛೇಂಬರಿನ ಅಂಚಿಗೆ ಬಡಿದು ಗಾಯ ಮಾಡುತ್ತೆ.

ರಷ್ಯಾದ ಹಳೇ ಸೈನ್ಯದ ರೈಫಲ್ ಮೊಸಿನ್-ನಗಾಂತ್ ಇರುವವರೊಬ್ಬರು ಇದೇ ಚರ್ಚೆಯಲ್ಲಿ ಅದರ ಬೋಲ್ಟ್ ಅಂಟುತ್ತೆ ಅಂತ ಬರೆದಿದ್ದಾರೆ. ಛೇಂಬರಿನಲ್ಲಿ ದಶಕಗಳ ಗ್ರೀಸ್ ಗಟ್ಟಿಯಾಗಿ ಕೂತಿರುತ್ತೆ, ಬಿಸಿಯಾದಾಗ ಅಂಟಾಗುತ್ತೆ. ಬ್ರಷ್ ಮತ್ತು ದ್ರಾವಕ ಹಾಕಿ ಛೇಂಬರನ್ನು ಚೆನ್ನಾಗಿ ತೊಳೀರಿ. ಹಳೇ ಸೈನ್ಯದ ತೋಟಾ ಹೊಡೀತೀರಾದರೆ ಅವುಗಳ ಕೇಪಿನಿಂದ (ಮದ್ದು ಹೊತ್ತಿಸುವ ಭಾಗ) ಉಪ್ಪಿನಂಥ ಪದಾರ್ಥ ಉಳಿಯುತ್ತೆ, ಅದು ತೇವ ಎಳೆದು ತುಕ್ಕು ತರುತ್ತೆ. ಎಣ್ಣೆಗೆ ಅದು ಕರಗಲ್ಲ. ಮೊದಲು ಬಿಸಿನೀರು, ಆಮೇಲೆ ಒಣಗಿಸಿ ಎಣ್ಣೆ, ಅದೇ ದಿನ.

ಎಲ್ಲಾ ಕೋವಿಯೂ ಕಾಲ ಕಳೆದಂತೆ ಹಿಡಿಸುತ್ತೆ ಅಂತ ಮಾತ್ರ ನಂಬಬೇಡಿ. ಗಿಡ್ಡ ನಳಿಗೆಯ, ಹಗುರ ಮೈಯ, ದೊಡ್ಡ ತೋಟಾದ ಕಾರ್ಬೈನ್ ಒಂದನ್ನು ನಾಲ್ಕು ವರ್ಷ ಇಟ್ಟುಕೊಂಡೆ. ತೋಟಾ ಬದಲಾಯಿಸಿದೆ, ರಬ್ಬರ್ ಹಾಕಿದೆ, ಸ್ಕ್ರೂ ಬಿಗಿ ಮಾಡಿದೆ. ಪ್ರತಿ ಈಡಿಗೂ ಹಲ್ಲು ಅಲುಗೋದು, ಮುಂದಿನ ಈಡಿಗೆ ಕಣ್ಣು ತಾನಾಗಿ ಮುಚ್ಚೋದು. ಅದರಿಂದ ಕಲಿತ ಕಣ್ಣು ಮುಚ್ಚೋ ಚಾಳಿ ಬಿಡಿಸೋಕೆ .22ರಲ್ಲಿ ಆರು ತಿಂಗಳು ಹಿಡೀತು. ಮಾರಿದ ದಿನ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ನಿಮ್ಮದು ಆ ಜಾತಿಯದ್ದಲ್ಲ. ಹೀಗೆ ಮಾಡಿ: ಬೋಲ್ಟ್ ಸಂಖ್ಯೆ ಮತ್ತು ಹೆಡ್‌ಸ್ಪೇಸ್ ಮೊದಲು. ಆಮೇಲೆ ಗಾರ್ಡಿನ ಸ್ಕ್ರೂ. ಆಮೇಲೆ 174 ಗ್ರೇನ್ ಆಸುಪಾಸಿನ, ಹಿಂಬದಿ ಚಪ್ಪಟೆ ಇರುವ ಗುಂಡಿನ ತೋಟಾ ಒಂದು ಪೆಟ್ಟಿಗೆ, ಯಾಕಂದ್ರೆ ಸೈನ್ಯದ ಮಾರ್ಕ್ 7 .303 ತೋಟಾ ಇದ್ದದ್ದು ಹಾಗೆ, ಸವೆದ ನಳಿಗೆಗಳಿಗೆ ದೋಣಿಬಾಲದ (ಹಿಂಬದಿ ಸಪೂರವಾದ) ಗುಂಡಿಗಿಂತ ಅದೇ ಸಾಮಾನ್ಯವಾಗಿ ಒಗ್ಗುತ್ತೆ. ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಗೀರು ಐದರ ಬದಲು ಎರಡೇ ಕಂಡರೆ ಗಾಬರಿ ಬೇಡ, ಯುದ್ಧಕಾಲದಲ್ಲಿ ಹಾಗೆಯೇ ಮಾಡಿದ್ದುಂಟು, ಚೆನ್ನಾಗೇ ಹೊಡೆಯುತ್ತವೆ. ಒರಗಿಕೊಂಡು, ಮರದ ಮಧ್ಯಭಾಗ ಚೀಲದ ಮೇಲಿಟ್ಟು, ನಳಿಗೆ ಎಲ್ಲಿಗೂ ತಾಗಿಸದೆ ಹತ್ತು ಈಡು ಹೊಡೀರಿ. ಮೇಲೆ ಬಿದ್ದರೂ ಪರವಾಗಿಲ್ಲ, ಒಟ್ಟಿಗೆ ಬೀಳ್ತವಾ ಅನ್ನೋದಷ್ಟೇ ಈಗ ನೋಡೋದು.

ಒಟ್ಟಿಗೆ ಬೀಳದಿದ್ದರೆ ಮುಂದಿನ ಮರದ ತುದಿ ಮತ್ತು ನಳಿಗೆ ಕೂಡುವ ಜಾಗದ ಫೋಟೋ ತೆಗೆದು ಇಲ್ಲಿ ಹಾಕಿ. ನಂಬರ್ 4ರಲ್ಲಿ ಅಲ್ಲಿ ಮರ ನಳಿಗೆಯನ್ನು ಕೆಳಗಿನಿಂದ ಸ್ವಲ್ಪ ಎತ್ತಿ ಹಿಡಿದಿರಬೇಕು. ನಳಿಗೆಯನ್ನು ಬೆರಳಲ್ಲಿ ಮೇಲೆತ್ತಿ ಬಿಟ್ಟಾಗ ಟಪ್ ಅಂತ ವಾಪಸ್ ಕೂತರೆ ಸರಿ ಇದೆ. ಸುಮ್ಮನೆ ಅಲ್ಲಾಡಿದರೆ ಯಾರೋ ಹಿಂದಿನವರು ಅಲ್ಲಿ ಮರ ಕೆತ್ತಿ ತೆಗೆದಿದ್ದಾರೆ, ಅದನ್ನು ಹೇಗೆ ತುಂಬೋದು ಅಂತ ಆಗ ಮಾತಾಡೋಣ.